ವೀಲಾಕ್ ಮುಗಿಯಿತು, ಮುಂದೆ ಯಾವ ಲ್ಯಾಟಿನ್ ಪುಸ್ತಕ?

ಎಲ್ಲರಿಗೂ ನಮಸ್ಕಾರ. ಮೇಷ್ಟ್ರಿಲ್ಲದೆ ಒಬ್ಬಳೇ ಲ್ಯಾಟಿನ್ ಕಲಿಯುತ್ತಿದ್ದೇನೆ. ಒಂದೂವರೆ ವರ್ಷ ಹಿಡಿದು ವೀಲಾಕ್ ಪುಸ್ತಕದ 40 ಪಾಠಗಳನ್ನೂ ಮುಗಿಸಿದೆ. ವಿಭಕ್ತಿ ಪಟ್ಟಿ, ಕ್ರಿಯಾಪದದ ಪಟ್ಟಿ ಎಲ್ಲ ಬಾಯಿಪಾಠ. ಆದರೆ ಸೀಸರ್ ಬರೆದ ಗಾಲ್ ಯುದ್ಧದ ಪುಸ್ತಕ ತೆಗೆದರೆ ಕತೆಯೇ ಬೇರೆ. 'ಗಲ್ಲಿಅ ಎಸ್ತ್ ಒಮ್ನಿಸ್ ದೀವೀಸ ಇನ್ ಪರ್ತೇಸ್ ತ್ರೇಸ್', ಗಾಲ್ ದೇಶ ಮೂರು ಭಾಗವಾಗಿದೆ, ಇಷ್ಟು ಸಲೀಸು. ಆಮೇಲೆ ನಾಲ್ಕು ಸಾಲಿಗೆ ಒಂದು ಗಂಟೆ. ವ್ಯಾಕರಣ ಗಟ್ಟಿಯಾಗಬೇಕು, ಅನುವಾದದ ಅಭ್ಯಾಸವೂ ಆಗಬೇಕು. ಮೋರ್‌ಲ್ಯಾಂಡ್ ಮತ್ತು ಫ್ಲೈಷರ್, ಓರ್ಬರ್ಗ್ ಎರಡನೇ ಭಾಗ, ಬ್ರ್ಯಾಡ್ಲಿಯ ಆರ್ನಲ್ಡ್, ಈ ಮೂರು ಪುಸ್ತಕಗಳಲ್ಲಿ ಒಂದನ್ನು ಕೊಳ್ಳಬೇಕು ಅಂದುಕೊಂಡಿದ್ದೇನೆ. ಬಳಸಿದವರು ದಯವಿಟ್ಟು ಹೇಳಿ.

ಇದೇ ಜಾಗದಲ್ಲಿ ಎರಡು ವರ್ಷ ಸಿಕ್ಕಿಕೊಂಡಿದ್ದವನ ಉತ್ತರ:

ವೀಲಾಕ್ ಮುಗಿಸಿದಾಗ ನನಗೂ ಹೀಗೇ ಆಯಿತು. ವ್ಯಾಕರಣ ಸಾಲದು ಅಂದುಕೊಂಡೆ. ಇನ್ನೊಂದು ವ್ಯಾಕರಣದ ಪುಸ್ತಕ ಕೊಂಡು ಮತ್ತೆ ಮೊದಲ ಪಾಠದಿಂದ ಶುರು ಮಾಡಿದೆ. ಎಂಟು ತಿಂಗಳಾದ ಮೇಲೆ ಸೀಸರ್ ತೆಗೆದರೆ ಅದೇ ನಾಲ್ಕು ಸಾಲು, ಅದೇ ಒಂದು ಗಂಟೆ. ಹೊಟ್ಟೆ ಉರಿದುಹೋಯಿತು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನೀವು ಓದಬೇಕೆಂದಿರುವ ಪಠ್ಯದ ಹತ್ತು ಸಾಲು ತೆಗೆದುಕೊಳ್ಳಿ. ನಿಘಂಟು ಮುಚ್ಚಿಡಿ. ಎಲ್ಲಿ ಎಡವುತ್ತೀರೋ ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಪದವೇ ಗೊತ್ತಿಲ್ಲದಿದ್ದರೆ 'ಪ'. ಪದಗಳೆಲ್ಲ ಗೊತ್ತಿದ್ದೂ ವಾಕ್ಯ ಬಿಡಿಸಲು ಆಗದಿದ್ದರೆ 'ವಾ'. ಆಮೇಲೆ ಎಣಿಸಿ. 'ಪ' ಜಾಸ್ತಿ ಇದ್ದರೆ ನಿಮಗೆ ಬೇಕಾದದ್ದು ವ್ಯಾಕರಣವಲ್ಲ, ಸುಲಭದ ಓದು, ಅದೂ ರಾಶಿ ರಾಶಿ. 'ವಾ' ಜಾಸ್ತಿ ಇದ್ದರೆ ವ್ಯಾಕರಣ. ನನ್ನ ಲೆಕ್ಕದಲ್ಲಿ 'ಪ' 'ವಾ'ದ ಮೂರು ಪಟ್ಟಿತ್ತು! ಎಂಟು ತಿಂಗಳು ಹಳೆಯ ಪಾಠ ತಿರುವಿ ಹಾಕಿದ್ದು ಸುಮ್ನೆ ದಂಡ.

ನನ್ನನ್ನು ದಡ ಸೇರಿಸಿದ್ದು ರಿಚಿಯವರ 'ಫಾಬುಲೇ ಫಾಕಿಲೇಸ್'. ಪರ್ಸಿಯಸ್, ಹರ್ಕ್ಯುಲಿಸ್, ಆರ್ಗೊನಾಟರು, ಯುಲಿಸಿಸ್, ಹೀಗೆ ನಾಲ್ಕು ಪುರಾಣ ಕತೆಗಳು. ಎಲ್ಲ ಚಿಕ್ಕ ಚಿಕ್ಕ ತುಣುಕುಗಳಲ್ಲಿವೆ. ಶುರುವಿನಲ್ಲಿ ಸರಳ. ಹೋಗ್ತಾ ಹೋಗ್ತಾ ಸೀಸರನ ಶೈಲಿಗೆ ಹತ್ತಿರವಾಗುತ್ತದೆ. ಹಳೆಯ ಪುಸ್ತಕವಾದ್ದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದಾದ ಮೇಲೆ ಜೆಫ್ರಿ ಸ್ಟೆಡ್‌ಮನ್ ಅವರ ಸೀಸರ್ ಹಿಡಿಯಿರಿ. ಲ್ಯಾಟಿನ್ ಪಠ್ಯದ ಎದುರಿಗೇ ಪದಗಳ ಅರ್ಥ ಮತ್ತು ಟಿಪ್ಪಣಿ ಇರುತ್ತದೆ, ಪಿಡಿಎಫ್ ಉಚಿತ. ನಿಘಂಟಿಗೆ ಕೈ ಹಾಕದೆ ಓದುವುದು ಏನೆಂದು ನನಗೆ ಗೊತ್ತಾಗಿದ್ದೇ ಅಲ್ಲಿ.

ಪಕ್ಕದಲ್ಲಿ ಅಲೆನ್ ಮತ್ತು ಗ್ರೀನೋ ಅವರ ವ್ಯಾಕರಣ ಇಟ್ಟುಕೊಳ್ಳಿ. 1903ರ ಆವೃತ್ತಿ ಸಾಕು, ಅದೂ ಉಚಿತ. ಅದನ್ನು ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ, ನಿದ್ದೆ ಗ್ಯಾರಂಟಿ. ಅದರ ಪ್ರತಿ ನಿಯಮಕ್ಕೂ ಒಂದು ಸಂಖ್ಯೆ ಇದೆ. ಎಷ್ಟೋ ಟಿಪ್ಪಣಿ ಪುಸ್ತಕಗಳು ಆ ಸಂಖ್ಯೆ ಹೇಳಿ 'ಅಲ್ಲಿ ನೋಡಿ' ಅನ್ನುತ್ತವೆ. ಎಡವಿದಾಗ ಆ ಸಂಖ್ಯೆ ತೆಗೆದು ನೋಡಿದರೆ ಆಯಿತು.

ಸಂಸ್ಕೃತ ಓದಿ ಆಮೇಲೆ ಲ್ಯಾಟಿನ್‌ಗೆ ಬಂದವಳ ಉತ್ತರ:

ಮೇಲಿನವರ ಎಣಿಕೆಯ ಉಪಾಯ ಚೆನ್ನಾಗಿದೆ. ನನ್ನ ಓಟು ಮಾತ್ರ ಓರ್ಬರ್ಗ್‌ಗೆ. ಆದರೆ ಎರಡನೇ ಭಾಗವನ್ನು ನೇರ ಹಿಡಿಯಬೇಡಿ. 'ಫಮಿಲಿಅ ರೋಮಾನ' ಅನ್ನುವ ಮೊದಲ ಭಾಗದ 35 ಅಧ್ಯಾಯ ಮೊದಲು ಓದಿ. ಪೂರ್ತಿ ಲ್ಯಾಟಿನ್‌ನಲ್ಲೇ ಇದೆ. ವೀಲಾಕ್ ಮುಗಿಸಿದವರಿಗೆ ಅದರ ಅರ್ಧ ಭಾಗ ಕಾದಂಬರಿ ಓದಿದ ಹಾಗೆ ಓಡುತ್ತದೆ. ನಾನು ಜಂಭದಿಂದ ಎರಡನೇ ಭಾಗಕ್ಕೆ ಹಾರಿದೆ. ಅದು ಶುರುವಾಗುವ 36ನೇ ಅಧ್ಯಾಯದ ತುಂಬ ರೋಮ್ ನಗರದ ದೇವಸ್ಥಾನ, ಕಟ್ಟಡಗಳ ವರ್ಣನೆ. ಮೂರು ಸಲ ಶುರು ಮಾಡಿ ಮೂರು ಸಲವೂ ಅಲ್ಲೇ ಬಿಟ್ಟೆ. ಅದನ್ನು ದಾಟಿದರೆ ಕವಿ ವರ್ಜಿಲನ ಕತೆ ಗದ್ಯದಲ್ಲಿ ಬರುತ್ತದೆ, ಆಮೇಲೆ ಇತಿಹಾಸಕಾರ ಲಿವಿ. ಅಲ್ಲಿಂದ ಬಿಡಲು ಮನಸ್ಸಾಗುವುದಿಲ್ಲ.

ಇನ್ನೊಂದು ಮಾತು, ಪುಸ್ತಕಕ್ಕಿಂತ ಇದೇ ಮುಖ್ಯ ಅನ್ನಿಸುತ್ತದೆ. ನೀವು ಯಾವ ಭಾಷೆಗೆ ಅನುವಾದ ಮಾಡುತ್ತೀರಿ? ಇಂಗ್ಲಿಷಿಗೆ ಅಲ್ವಾ? ಒಂದು ವಾರ ಕನ್ನಡಕ್ಕೆ ಮಾಡಿ ನೋಡಿ. 'ಉರ್ಬೆ ಕಪ್ತಾ ಕೈಸರ್ ದಿಸ್ಕೆಸ್ಸಿತ್' ಅನ್ನುವ ವಾಕ್ಯಕ್ಕೆ ಇಂಗ್ಲಿಷ್ ಪುಸ್ತಕಗಳು ಅರ್ಧ ಪುಟ ವಿವರಣೆ ಕೊಡುತ್ತವೆ. ಕನ್ನಡದಲ್ಲಿ 'ಊರನ್ನು ಗೆದ್ದು ಸೀಸರ್ ಹೊರಟ', ಮುಗಿಯಿತು. ಆ 'ಗೆದ್ದು' ಇದೆಯಲ್ಲ, ಲ್ಯಾಟಿನ್‌ನವರ ಹತ್ತಿರ ಅಂಥದ್ದಿಲ್ಲ. ಅದಕ್ಕೇ ಪಾಪ, ಅಬ್ಲೇಟಿವ್ ಅನ್ನುವ ವಿಭಕ್ತಿ ಹಾಕಿ ಸುತ್ತಿ ಬಳಸಿ ಹೇಳುತ್ತಾರೆ. ಸಂಸ್ಕೃತ ಬಲ್ಲವರಿಗೆ ಇದು ಸತಿ ಸಪ್ತಮಿಯ ('ಹೀಗಾಗಿರುವಾಗ' ಅಂತ ಏಳನೇ ವಿಭಕ್ತಿಯಲ್ಲಿ ಹೇಳುವ ರೀತಿ) ಅಣ್ಣನೋ ತಮ್ಮನೋ ಅನ್ನುವುದು ಕೂಡಲೇ ಹೊಳೆಯುತ್ತದೆ. ಸೀಸರ್ ಮತ್ತೆ ಮತ್ತೆ ಬಳಸುವ 'ಕ್ವಿಬುಸ್ ರೇಬುಸ್ ಕೊಗ್ನಿತೀಸ್' ಅಂದರೆ 'ಇದನ್ನೆಲ್ಲ ತಿಳಿದು', ಅಷ್ಟೇ. 'ಮೊದಲು ಕ್ರಿಯಾಪದ ಹುಡುಕಿ' ಅಂತ ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುತ್ತವೆ. ನಮಗೆ ಅದು ಬೇಡ. ಕ್ರಿಯಾಪದ ಕೊನೆಗೆ ಬರುವವರೆಗೆ ಕಾಯುವುದು ನಮಗೆ ಹುಟ್ಟಿನಿಂದ ಅಭ್ಯಾಸ.

ಪುಸ್ತಕ ಯಾವುದೇ ಇರಲಿ, ಸ್ವರದ ಮೇಲೆ ದೀರ್ಘದ ಗೆರೆ ಇರುವುದನ್ನೇ ಕೊಳ್ಳಿ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದ. 'ಲೆಗಿತ್' ಓದುತ್ತಾನೆ, 'ಲೇಗಿತ್' ಓದಿದ. ಗೆರೆ ಇಲ್ಲದ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಾನು ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಎ, ಏ, ಒ, ಓ ನಾಲ್ಕೂ ನಮ್ಮಲ್ಲಿ ಬೇರೆ ಬೇರೆ ಇವೆ, ಒತ್ತಕ್ಷರವೂ ಇದೆ. ಲ್ಯಾಟಿನ್‌ಗೆಂದೇ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ.

ಕೆಲವು ವರ್ಷ ಪಾಠ ಹೇಳಿದವರ ಉತ್ತರ:

ಕನ್ನಡಕ್ಕೆ ಅನುವಾದಿಸಿ ಅನ್ನುವುದನ್ನು ಒಪ್ಪುತ್ತೇನೆ, ಅರ್ಧ. ಕನ್ನಡ ಕೆಲವನ್ನು ಬೆಳಗಿಸುತ್ತದೆ, ಕೆಲವನ್ನು ಮುಚ್ಚಿಬಿಡುತ್ತದೆ. 'ವೆನಿತ್ ಉತ್ ವಿದೆಅತ್', ನೋಡಲಿಕ್ಕೆ ಬರುತ್ತಾನೆ. 'ವೇನಿತ್ ಉತ್ ವಿದೇರೆತ್', ನೋಡಲಿಕ್ಕೆ ಬಂದ. ಕನ್ನಡದಲ್ಲಿ ಎರಡು ಕಡೆಯೂ 'ನೋಡಲಿಕ್ಕೆ'. ಲ್ಯಾಟಿನ್‌ನಲ್ಲಿ ಮುಖ್ಯ ಕ್ರಿಯಾಪದದ ಕಾಲ ಬದಲಾದ ಕೂಡಲೇ ಒಳಗಿನ ಸಬ್‌ಜಂಕ್ಟಿವ್ (ಉದ್ದೇಶ, ಆಸೆ ಇಂಥವನ್ನು ಹೇಳುವ ಕ್ರಿಯಾರೂಪ) ಕೂಡ ಬದಲಾಯಿತು. ಕನ್ನಡಕ್ಕೆ ಮಾತ್ರ ತಿರುಗಿಸುವವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅರ್ಥ ಆಯಿತಲ್ಲ ಅಂತ ಮುಂದೆ ಹೋಗುತ್ತಾರೆ. ಎಷ್ಟು ಜನರಲ್ಲಿ ಈ ತಪ್ಪು ನೋಡಿದ್ದೇನೋ.

ಇದಕ್ಕೆ ಮದ್ದು ಲ್ಯಾಟಿನ್‌ನಲ್ಲಿ ಬರೆಯುವುದು. ಬ್ರ್ಯಾಡ್ಲಿಯ ಆರ್ನಲ್ಡ್ ಇರುವುದೇ ಅದಕ್ಕೆ. ಇಂಗ್ಲಿಷ್ ವಾಕ್ಯ ಕೊಟ್ಟು ಲ್ಯಾಟಿನ್ ಮಾಡಿ ಅನ್ನುತ್ತದೆ. ಪೂರ್ತಿ ಮಾಡಬೇಕಿಲ್ಲ. ಯುದ್ಧ, ಸೇನಾಪತಿ, ಕೋಟೆ, ಇವೇ ವಾಕ್ಯಗಳು, ಬೇಜಾರು ಬರುತ್ತದೆ. ಉತ್ ಬರುವ ವಾಕ್ಯಗಳು, ಕುಮ್ ('ಆದಾಗ') ಬರುವ ವಾಕ್ಯಗಳು, 'ಅವನು ಹೀಗೆಂದ' ಅನ್ನುವ ವರದಿ ವಾಕ್ಯಗಳು, ಇಷ್ಟು ಪಾಠ ಮಾಡಿ. ಸೀಸರ್ ಮೊದಲ ಭಾಗದಲ್ಲೇ ಪುಟಗಟ್ಟಲೆ ವರದಿ ಮಾತು ಬರೆಯುತ್ತಾನೆ. ನೀವು ಅಲ್ಲೇ ಸಿಕ್ಕಿಕೊಂಡಿರಬಹುದು.

ಕನ್ನಡ ಗೆಲ್ಲುವ ಜಾಗವೂ ಒಂದಿದೆ, ಹೇಳಿಬಿಡುತ್ತೇನೆ. 'ತಿಮೆಓ ನೇ ವೆನಿಅತ್' ಅಂದರೆ ಅವನು ಬಂದುಬಿಟ್ಟಾನು ಅಂತ ಭಯ. ನೇ ಅಂದರೆ 'ಬೇಡ', ಹಾಗಿದ್ದೂ ಅರ್ಥ 'ಬರುತ್ತಾನೆ' ಅಂತ ಹೇಗಾಯಿತು ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. 'ಅವನು ಬಾರದಿರಲಿ, ನನಗೆ ಭಯ' ಅಂತ ಒಮ್ಮೆ ಹೇಳಿಕೊಳ್ಳಿ, ಸರಿಹೋಗುತ್ತದೆ.

ಮೋರ್‌ಲ್ಯಾಂಡ್ ಮತ್ತು ಫ್ಲೈಷರ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಹತ್ತಿರ ಇದೆ. 1977ರ ಪುಸ್ತಕ, 18 ಘಟಕ. ಕೆಲವೇ ವಾರಗಳಲ್ಲಿ ಇಡೀ ವ್ಯಾಕರಣ ಮುಗಿಸುವ ತೀವ್ರ ತರಗತಿಗೆ ಹೇಳಿ ಮಾಡಿಸಿದ್ದು. ಸಬ್‌ಜಂಕ್ಟಿವ್ ಶುರುವಿನಲ್ಲೇ ಬರುತ್ತದೆ. ಒಳ್ಳೆಯದೇ, ಆದರೆ ಮೊದಲಿಂದ ಕಲಿಯುವವರಿಗೆ. ನಿಮಗೆ ಅದು ಎರಡನೇ ವೀಲಾಕ್ ಆಗುತ್ತದೆ.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಎಣಿಸಿದೆ. ಸೀಸರನ ಹತ್ತು ಸಾಲಲ್ಲಿ 'ಪ' 11, 'ವಾ' 6. ಆ ಆರರಲ್ಲಿ ನಾಲ್ಕು ವರದಿ ವಾಕ್ಯಗಳೇ, ಪಾಠ ಹೇಳಿದವರು ಅಂದದ್ದು ಸರಿಯಾಗಿದೆ. ರಿಚಿಯ ಪರ್ಸಿಯಸ್ ತೆಗೆದರೆ 'ಪ' 4, 'ವಾ' ಒಂದೂ ಇಲ್ಲ. ಹಾಗಾಗಿ ಸದ್ಯಕ್ಕೆ ಏನೂ ಕೊಳ್ಳುತ್ತಿಲ್ಲ! ರಿಚಿ ಓದುತ್ತೇನೆ, ವಾರಕ್ಕೊಂದು ದಿನ ಆರ್ನಲ್ಡ್‌ನ ವರದಿ ವಾಕ್ಯದ ಪಾಠ, ಅದನ್ನು ಗ್ರಂಥಾಲಯದಿಂದ ತರುತ್ತೇನೆ. ಒಂದೇ ಅನುಮಾನ ಉಳಿದಿದೆ. ಓದಿದ್ದನ್ನೆಲ್ಲ ಅನುವಾದ ಮಾಡಿ ಬರೆಯಬೇಕಾ?

ಪಾಠ ಹೇಳಿದವರು:

ಬೇಡ. ಹತ್ತು ತುಣುಕು ಓದಿದರೆ ಒಂದನ್ನು ಬರೆಯಿರಿ. ಬರೆದದ್ದನ್ನು ಒಂದು ವಾರ ಹಾಗೇ ಬಿಡಿ. ಆಮೇಲೆ ಮೂಲ ಮುಚ್ಚಿಟ್ಟು, ನಿಮ್ಮ ಕನ್ನಡ ನೋಡಿಕೊಂಡು ಮತ್ತೆ ಲ್ಯಾಟಿನ್ ಮಾಡಿ, ಮೂಲದ ಜೊತೆ ಹೋಲಿಸಿ. ರಾಣಿ ಮೊದಲನೇ ಎಲಿಜಬೆತ್‌ಗೆ ಪಾಠ ಹೇಳಿದ ರೋಜರ್ ಆಸ್ಕಂ ಹೇಳಿಕೊಟ್ಟ ದಾರಿ ಇದು. 1570ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿದೆ. ಕೆಂಪು ಪೆನ್ನು ಒಂದು ಜಾಸ್ತಿ ಇಟ್ಟುಕೊಳ್ಳಿ. ನನ್ನ ಮೊದಲ ತುಣುಕಿನಲ್ಲಿ ಮೂಲಕ್ಕೆ ಹೊಂದಿದ್ದು ಎರಡೇ ಎರಡು ವಾಕ್ಯ.