ಪದಚರ್ಚೆ: ಯುದ್ಧದ ಒಳಗಿನ ಯುದ್ಧಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಗಳ ಮನೆಗೆ ಅಂತ ಅಮೆರಿಕಕ್ಕೆ ಬಂದು ಎರಡು ತಿಂಗಳಾಯಿತು. ಅವರಿರುವುದು ವರ್ಜೀನಿಯಾದ ಮನಾಸಸ್ ಹತ್ತಿರ. ಅಧ್ಯಕ್ಷ ಲಿಂಕನ್ ಕಡೆಯ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ 1861ರಿಂದ 1865ರವರೆಗೆ ನಡೆದ ಇಲ್ಲಿನ ಅಂತರ್ಯುದ್ಧದ ಒಂದು ರಣಭೂಮಿ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಈಗ ಅದು ದೊಡ್ಡ ಹುಲ್ಲುಗಾವಲು. ಸಾಲಾಗಿ ನಿಲ್ಲಿಸಿದ ಫಿರಂಗಿಗಳು, ಹಳ್ಳಕ್ಕೆ ಕಟ್ಟಿದ ಕಲ್ಲಿನ ಸೇತುವೆ, ದಿಬ್ಬದ ಮೇಲೆ ಕುದುರೆ ಏರಿದ ಜನರಲ್ ಜಾಕ್ಸನ್ ಪ್ರತಿಮೆ. ಸುಮ್ನೆ ತಿರುಗಾಡಿ ಬರೋಣ ಅಂತ ಹೋದವನು, ಊರಿನ ಒಂದು ಮಕ್ಕಳ ಪತ್ರಿಕೆಗೆ ಆ ಯುದ್ಧದ ಬಗ್ಗೆ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟೆ. ತಲೆನೋವು ಶುರುವಾಗಿದ್ದು ಅಲ್ಲಿಂದ.

ಮೊದಲ ಪುಟವನ್ನು ಮೊಮ್ಮಗನಿಗೆ ಓದಿ ಹೇಳಿದೆ. "ಈ ಯುದ್ಧದ ಮೊದಲ ದೊಡ್ಡ ಯುದ್ಧ 1861ರ ಜುಲೈ 21ರಂದು ಮನಾಸಸ್‌ನಲ್ಲಿ ನಡೆಯಿತು. ಎರಡನೇ ಮನಾಸಸ್ ಯುದ್ಧ 1862ರ ಆಗಸ್ಟ್ ಕೊನೆಯಲ್ಲಿ ನಡೆಯಿತು" ಅಂತ ಬರೆದಿದ್ದೆ. ಹುಡುಗ ತಡೆದ. "ತಾತ, ಒಂದು ಯುದ್ಧ ಮುಗಿದು ಇನ್ನೊಂದು ಶುರುವಾಯ್ತಾ? ಯುದ್ಧದ ಒಳಗೆ ಯುದ್ಧ ಹೇಗೆ ಬರತ್ತೆ?" ಆಮೇಲೆ ಅವನೇ ದಾರಿ ತೋರಿಸಿದ. ನಾಲ್ಕು ವರ್ಷ ನಡೆದಿದ್ದು ದೊಡ್ಡ ಯುದ್ಧ, ಇದು ಮರಿ ಯುದ್ಧ ಅಂದರೆ ಆಯ್ತಲ್ಲ ಅಂದ.

ನಗು ಬಂತು. ಆದರೆ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಸ್ವಲ್ಪ ನಾಚಿಕೆಯೂ ಆಯಿತು. "ಮೂರನೇ ಪಾಣಿಪತ್ ಯುದ್ಧ" ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ, ಅದರ ಕೆಳಗೇ "ನಾಲ್ಕನೇ ಮೈಸೂರು ಯುದ್ಧ" ಅಂತಲೂ ಬರೆದಿದ್ದೇನೆ. ಪಾಣಿಪತ್ತಿನದು ಒಂದೇ ದಿನದಲ್ಲಿ ಒಂದು ಬಯಲಲ್ಲಿ ಮುಗಿದದ್ದು. ಮೈಸೂರಿನದು ತಿಂಗಳುಗಟ್ಟಲೆ ಹಲವು ಕಡೆ ನಡೆದು ಶ್ರೀರಂಗಪಟ್ಟಣದಲ್ಲಿ ಮುಗಿದದ್ದು. ಎರಡಕ್ಕೂ ಒಂದೇ ಪದ ಕೊಟ್ಟು, ಮಕ್ಕಳು ತಾವೇ ಅರ್ಥ ಮಾಡಿಕೊಳ್ಳಲಿ ಅಂತ ಬಿಟ್ಟುಬಿಟ್ಟಿದ್ದೆ.

ನನ್ನ ಸಲಹೆ ಹೀಗಿದೆ. ನಾಲ್ಕು ವರ್ಷದ ಒಟ್ಟು ವ್ಯವಹಾರಕ್ಕೆ ಯುದ್ಧ. ಅದರೊಳಗೆ ಒಂದು ಜಾಗದಲ್ಲಿ ಒಂದೆರಡು ದಿನ ನಡೆದದ್ದಕ್ಕೆ ಕದನ. ಪಠ್ಯಪುಸ್ತಕಗಳೂ ಪ್ಲಾಸಿ ಕದನ, ಬಕ್ಸಾರ್ ಕದನ ಅನ್ನುತ್ತವೆ. ಹಳಗನ್ನಡದಲ್ಲಿ ಈ ಭೇದ ಇರಲಿಲ್ಲ, ಕದನ ಅಂದರೂ ಕಾಳಗ ಅಂದರೂ ಯುದ್ಧವೇ ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಒಪ್ಪಿದೆ. ಆದರೆ ಮೂರು ಪದ ಇರುವಾಗ ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚುವುದು ಯಾಕೆ?

ಕಾಳಗವನ್ನು ನಾನು ಬೇರೆ ಎತ್ತಿಟ್ಟಿದ್ದೇನೆ. ಯಕ್ಷಗಾನದಲ್ಲಿ ಸುಧನ್ವ ಕಾಳಗ, ಕರ್ಣಾರ್ಜುನ ಕಾಳಗ. ಊರಲ್ಲಿ ಕೋಳಿ ಕಾಳಗ, ಗೂಳಿ ಕಾಳಗ. ಆ ಪದ ಕೇಳಿದರೆ ಎದುರುಬದುರು ನಿಂತ ಇಬ್ಬರು ಕಣ್ಣಿಗೆ ಬರುತ್ತಾರೆ. ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಜುಲೈ 2ರಂದು ಲಿಟಲ್ ರೌಂಡ್ ಟಾಪ್ ಅನ್ನುವ ಗುಡ್ಡದ ಮೇಲೆ ಮೇನ್ ರಾಜ್ಯದ ಒಂದು ತುಕಡಿಗೆ ಮದ್ದುಗುಂಡು ಮುಗಿಯುತ್ತಾ ಬಂತು. ಅವರು ಬಂದೂಕಿನ ತುದಿಗೆ ಬಾಯೊನೆಟ್ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಕೆಳಕ್ಕೆ ನುಗ್ಗಿದರು. ಆ ಹೊತ್ತಿಗೆ ಕಾಳಗ ಅನ್ನುವ ಪದ ಸರಿಯಾಗಿ ಕೂರುತ್ತದೆ. ಮೂರು ದಿನದ ಇಡೀ ಗೆಟ್ಟಿಸ್‌ಬರ್ಗ್‌ಗೆ ಕದನವೇ ಸರಿ.

ಕದನದ ಮೇಲೆ ನನಗಿರುವ ಒಂದೇ ದೂರು, ಪತ್ರಿಕೆಯವರು ಅದನ್ನು ಸವೆಸಿಬಿಟ್ಟಿದ್ದಾರೆ. ಚುನಾವಣಾ ಕದನ, ಭಾರತ–ಪಾಕ್ ಕದನ, ಟಿಕೆಟ್‌ಗಾಗಿ ಕದನ. ಆದರೂ "ಕದನ ವಿರಾಮ" ಅನ್ನುವ ಪದವನ್ನು ಉಳಿಸಿಕೊಂಡವರು ಅವರೇ ಅಲ್ವಾ. ದಕ್ಷಿಣದವರ ಕೈಲಿದ್ದ ವಿಕ್ಸ್‌ಬರ್ಗ್ ಅನ್ನುವ ಊರಿನಲ್ಲಿ 1863ರ ಮೇ 25ರಂದು ಎರಡೂ ಕಡೆಯವರು ಎರಡೂವರೆ ಗಂಟೆ ಬಂದೂಕು ಇಳಿಸಿದರು. ಮೂರು ದಿನದಿಂದ ಬಿಸಿಲಲ್ಲಿ ಬಿದ್ದಿದ್ದ ಹೆಣಗಳನ್ನು ಹೂಳಬೇಕಿತ್ತು. ಯುದ್ಧ ನಿಂತಿರಲಿಲ್ಲ, ಕದನಕ್ಕೆ ಬಿಡುವು ಕೊಟ್ಟಿದ್ದರು ಅಷ್ಟೆ.

ವಿಕ್ಸ್‌ಬರ್ಗ್ ಅಂದಕೂಡಲೆ ಇನ್ನೊಂದು ಜೋಡಿ ನೆನಪಾಯಿತು. ಲಗ್ಗೆ ಮತ್ತು ಮುತ್ತಿಗೆ. ಈ ಎರಡನ್ನೂ ನಾವು ಹಾಳು ಮಾಡಿಕೊಂಡಿದ್ದೇವೆ. ಮಾರುಕಟ್ಟೆಗೆ ಮಾವು ಲಗ್ಗೆ ಇಡುತ್ತದೆ, ಕಾಫಿ ತೋಟಕ್ಕೆ ಆನೆ ಲಗ್ಗೆ ಇಡುತ್ತದೆ. ಮುತ್ತಿಗೆ ಅಂದರೆ ಯಾವುದೋ ಕಚೇರಿ ಗೇಟಿನ ಮುಂದೆ ಅರ್ಧ ಗಂಟೆ ಘೋಷಣೆ ಕೂಗಿ ಫೋಟೋ ತೆಗೆಸಿಕೊಂಡು ಬರುವುದು. ವಿಕ್ಸ್‌ಬರ್ಗ್ ಇರುವುದು ಮಿಸಿಸಿಪ್ಪಿ ನದಿಯ ತಿರುವಿನಲ್ಲಿ, ಎತ್ತರದ ದಡದ ಮೇಲೆ. ಉತ್ತರದವರ ಜನರಲ್ ಗ್ರಾಂಟ್ ಮೇ 19ರಂದು ಒಮ್ಮೆ, 22ರಂದು ಇನ್ನೊಮ್ಮೆ ಏರಿಹೋಗಲು ನೋಡಿದ. ಎರಡು ಸಲವೂ ಜನ ಸತ್ತರೇ ಹೊರತು ಊರು ಕೈಗೆ ಬರಲಿಲ್ಲ. ಇದು ಲಗ್ಗೆ. ಆಮೇಲೆ ಸುತ್ತ ಕಂದಕ ತೋಡಿ, ನದಿಯಲ್ಲಿ ಹಡಗು ನಿಲ್ಲಿಸಿ, ಒಳಕ್ಕೆ ಒಂದು ಚೀಲ ಹಿಟ್ಟೂ ಹೋಗದ ಹಾಗೆ ಕೂತ. ಇದು ಮುತ್ತಿಗೆ. ಒಟ್ಟು 47 ದಿನ. ಒಳಗಿನ ಜನ ಗುಡ್ಡದ ಮಣ್ಣು ಕೊರೆದು ಗವಿ ಮಾಡಿಕೊಂಡು ಅದರಲ್ಲೇ ಸಂಸಾರ ಮಾಡಿದರು, ಹೇಸರಗತ್ತೆ ಮಾಂಸ ತಿಂದರು. ಕಾಗದ ಮುಗಿದು, ಊರಿನ ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಬೆನ್ನಿಗೆ ಅಚ್ಚು ಹಾಕಿದರು. ಜುಲೈ 4ಕ್ಕೆ ಊರು ಬಿತ್ತು. ಅದರ ಹಿಂದಿನ ದಿನವಷ್ಟೇ ಉತ್ತರದ ತುದಿಯಲ್ಲಿ ಗೆಟ್ಟಿಸ್‌ಬರ್ಗ್ ಕದನ ಮುಗಿದಿತ್ತು. ಸ್ವಲ್ಪ ದಿನಕ್ಕೆ ಅದೇ ನದಿಯ ದಡದ ಪೋರ್ಟ್ ಹಡ್ಸನ್ ಕೂಡ ಬಿದ್ದು, ಮಿಸಿಸಿಪ್ಪಿ ಪೂರ್ತಿ ಲಿಂಕನ್ ಕಡೆಯವರ ಕೈಗೆ ಬಂತು, ದಕ್ಷಿಣ ಎರಡು ಹೋಳಾಯಿತು. ಶ್ರೀರಂಗಪಟ್ಟಣಕ್ಕೂ ಈ ಎರಡು ಪದ ಹಾಗೇ ಹೊಂದುತ್ತವೆ. 1799ರ ಏಪ್ರಿಲ್‌ನಲ್ಲಿ ಆದದ್ದು ಮುತ್ತಿಗೆ, ಮೇ 4ರ ಮಧ್ಯಾಹ್ನ ಆದದ್ದು ಲಗ್ಗೆ.

ಇದೇ ವರ್ಜೀನಿಯಾದ ಪೀಟರ್ಸ್‌ಬರ್ಗ್‌ಗೂ ಇಲ್ಲಿನವರು ಮುತ್ತಿಗೆ ಅಂತಲೇ ಹೇಳುತ್ತಾರೆ. ಆದರೆ ಅದನ್ನು ಪೂರ್ತಿ ಸುತ್ತುವರಿದಿರಲಿಲ್ಲ. ಒಂಬತ್ತು ತಿಂಗಳು ಎದುರುಬದುರು ಕಂದಕದಲ್ಲಿ ಕೂತಿದ್ದರು. ಮಕ್ಕಳ ಲೇಖನಕ್ಕೆ ಅಷ್ಟು ವಿವರ ಬೇಡ ಅಂತ ಬಿಟ್ಟೆ.

ಇನ್ನು ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. "ಗೆಟ್ಟಿಸ್‌ಬರ್ಗ್‌ನಲ್ಲಿ 51,000 ಸೈನಿಕರು ಸತ್ತರು" ಅಂತ ಬರೆದಿದ್ದೆ. ಅಳಿಯಂದಿರು ನೋಡಿ, "ಮಾವ, ಅಷ್ಟು ಜನ ಸತ್ತಿಲ್ಲ" ಅಂದರು. ಸತ್ತವರು ಏಳು ಸಾವಿರದ ಆಸುಪಾಸು. ಉಳಿದವರು ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಸೇರಿ ಒಂದೇ ಪದ ಇದೆ, ಕ್ಯಾಶುಯಲ್ಟಿ. ನಮ್ಮಲ್ಲಿ ಅದು ಆಸ್ಪತ್ರೆಯ ಒಂದು ವಾರ್ಡಾಗಿ ಹೋಗಿದೆ. "ಸಾವುನೋವು" ಒಳ್ಳೆಯ ಪದ, ಸತ್ತವರೂ ನೊಂದವರೂ ಅದರಲ್ಲಿ ಬಂದರು. ಸೆರೆ ಸಿಕ್ಕವನು ಬರಲಿಲ್ಲ. ಮೇರಿಲ್ಯಾಂಡ್‌ನ ಆಂಟಿಟಮ್ ಕದನದಲ್ಲೂ ಇದೇ ಕಥೆ. 1862ರ ಸೆಪ್ಟೆಂಬರ್ 17ರ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 22,700. ಸತ್ತವರು ಅದರಲ್ಲಿ ಮೂರೂವರೆ ಸಾವಿರದ ಮೇಲೆ. "22,700 ಬಲಿ" ಅಂತ ಹಾಕಿದರೆ ತಲೆಬರಹ ಜೋರಾಗಿರುತ್ತದೆ, ಲೆಕ್ಕ ಸುಳ್ಳಾಗುತ್ತದೆ.

ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ. ಮರುದಿನ ಬೆಳಿಗ್ಗೆ ಹಾಜರಿ ಕರೆದರೆ "ಇದ್ದೇನೆ ಸಾರ್" ಅನ್ನದವರೆಲ್ಲ ಈ ಲೆಕ್ಕಕ್ಕೆ ಸೇರುತ್ತಾರೆ. "ಗೈರಾದವರು" ಅನ್ನೋಣವೇ? ಮನೆಯಲ್ಲಿ ಎಲ್ಲರೂ ನಕ್ಕರು. "ಪಡೆಗೆ ಇಲ್ಲವಾದವರು" ಅಂತ ಸದ್ಯಕ್ಕೆ ಇಟ್ಟಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಸಿಕ್ಕರೆ ಕೊಡಿ.

ಹೆಸರುಗಳ ಗೊಂದಲ ಬೇರೆ. ಮನಾಸಸ್ ಕದನಕ್ಕೇ ಬುಲ್ ರನ್ ಅಂತ ಇನ್ನೊಂದು ಹೆಸರು. ಉತ್ತರದವರು ಹೆಚ್ಚಾಗಿ ಹತ್ತಿರದ ಹಳ್ಳ, ಹೊಳೆಯ ಹೆಸರಿಟ್ಟರೆ ದಕ್ಷಿಣದವರು ಹತ್ತಿರದ ಊರಿನ ಹೆಸರಿಟ್ಟರು. ಆಂಟಿಟಮ್ ಹೊಳೆ, ಶಾರ್ಪ್ಸ್‌ಬರ್ಗ್ ಊರು, ಕದನ ಒಂದೇ. ನಮಗೇನು ಇದು ಹೊಸದಲ್ಲ, 1565ರದ್ದನ್ನು ತಾಳಿಕೋಟೆ ಅಂತಲೂ ರಕ್ಕಸತಂಗಡಗಿ ಅಂತಲೂ ಕರೆದುಕೊಂಡು ಬಂದಿದ್ದೇವೆ. ಈ "ರನ್" ಅಂದರೆ ವರ್ಜೀನಿಯಾ ಕಡೆಯ ಮಾತಲ್ಲಿ ಹಳ್ಳ. ದಯವಿಟ್ಟು ಯಾರೂ ಇದನ್ನು ಗೂಳಿ ಓಟ ಅಂತ ಅನುವಾದ ಮಾಡಬೇಡಿ. ಹಾವೇರಿ ಕಡೆಯ ಹೋರಿ ಬೆದರಿಸುವ ಹಬ್ಬ ಅಂದುಕೊಂಡಾರು.

ಅಪ್ಪೊಮ್ಯಾಟಕ್ಸ್ ಕೋರ್ಟ್ ಹೌಸ್ ಕೂಡ ಅಂಥದೇ ಗುಂಡಿ. 1865ರ ಏಪ್ರಿಲ್ 9ರಂದು ದಕ್ಷಿಣದವರ ಜನರಲ್ ಲೀ ಅಲ್ಲಿ ಗ್ರಾಂಟ್‌ಗೆ ಶರಣಾದ. ಕೋರ್ಟ್ ಹೌಸ್ ಅನ್ನುವುದು ಆ ಹಳ್ಳಿಯ ಹೆಸರಿನದೇ ಭಾಗ. ಶರಣಾಗಿದ್ದು ನ್ಯಾಯಾಲಯದಲ್ಲಿ ಅಲ್ಲ, ವಿಲ್ಮರ್ ಮೆಕ್ಲೀನ್ ಅನ್ನುವವನ ಮನೆಯ ನಡುಮನೆಯಲ್ಲಿ. ತಮಾಷೆ ಅಂದರೆ ಈ ಮೆಕ್ಲೀನ್ ಮೊದಲು ಇದ್ದದ್ದು ನಮ್ಮ ಇದೇ ಮನಾಸಸ್ ಹತ್ತಿರ. ಮೊದಲ ಕದನದ ಹೊತ್ತಿಗೆ ಅವನ ಮನೆಯೊಳಕ್ಕೇ ಫಿರಂಗಿ ಗುಂಡು ಬಂದು ಬಿದ್ದಿತ್ತು. ಸಹವಾಸ ಸಾಕು ಅಂತ ದೂರ ಹೋದರೆ ಯುದ್ಧ ಅಲ್ಲಿಗೂ ಹುಡುಕಿಕೊಂಡು ಬಂತು.

ಅಂತರ್ಯುದ್ಧ ಅನ್ನುವ ಪದದ ಬಗ್ಗೆ ನನ್ನ ತಕರಾರಿಲ್ಲ. "ನಾಗರಿಕ ಯುದ್ಧ" ಅಂತ ಅಲ್ಲಲ್ಲಿ ಕಾಣುತ್ತದೆ, ಅದು ಬೇಡ. ನಾಗರಿಕರು ಅಂದರೆ ಸೈನಿಕರಲ್ಲದ ಜನ ಅಂತ ಆಗಲೇ ರೂಢಿ. ಮನಾಸಸ್‌ನ ದಿಬ್ಬದ ಮೇಲೆ ಜೂಡಿತ್ ಹೆನ್ರಿ ಅನ್ನುವ ವಿಧವೆಯ ಸಮಾಧಿ ಇದೆ. ಹಾಸಿಗೆ ಹಿಡಿದಿದ್ದ ಮುದುಕಿ. ಕದನದ ದಿನ ಮಲಗಿದ್ದ ಕೋಣೆಗೇ ಗುಂಡು ಬಿದ್ದು ಸತ್ತಳು, ಮನೆಯ ಮುಂದೆಯೇ ಹೂಳಿದ್ದಾರೆ. "ನಾಗರಿಕ ಯುದ್ಧದಲ್ಲಿ ನಾಗರಿಕಳ ಸಾವು" ಅಂತ ಬರೆಯಲು ಕೈ ಬರುತ್ತದೆಯೇ?

ನಿಜವಾದ ಕಷ್ಟ ಎರಡು ಪಕ್ಷಗಳ ಹೆಸರಿನದು. ಲಿಂಕನ್ ಕಡೆಯದು ಯೂನಿಯನ್, ಎದುರಿನವರದು ಕಾನ್ಫೆಡರಸಿ. ನಿಘಂಟು ನೋಡಿದರೆ ಎರಡಕ್ಕೂ ಒಕ್ಕೂಟ. "ಒಕ್ಕೂಟದ ಪಡೆ ಒಕ್ಕೂಟದ ಪಡೆಯನ್ನು ಸೋಲಿಸಿತು" ಅಂತ ಬರೆಯಲಾದೀತೇ? ಉತ್ತರದವರು, ದಕ್ಷಿಣದವರು ಅಂದರೆ ಸುಲಭ. ಆದರೆ ಕೆಂಟಕಿ, ಮೇರಿಲ್ಯಾಂಡ್‌ನಂಥ ರಾಜ್ಯಗಳಲ್ಲಿ ಗುಲಾಮಗಿರಿ ಇದ್ದರೂ ಅವು ಯೂನಿಯನ್ ಬಿಡಲಿಲ್ಲ. ಯೋಚಿಸಿ ಯೋಚಿಸಿ ನಮ್ಮ ಮನೆಮಾತಿಗೇ ಬಂದೆ. ಅಣ್ಣತಮ್ಮಂದಿರು "ಬೇರೆಯಾದರು" ಅನ್ನುತ್ತೇವಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕು ಅಂತ 11 ರಾಜ್ಯ ಬೇರೆಯಾದವು. ಹಾಗಾಗಿ ಒಂದು ಒಕ್ಕೂಟ, ಇನ್ನೊಂದು ಬೇರೆಯಾದವರು. "ಪ್ರತ್ಯೇಕತಾವಾದಿ" ಅನ್ನುವುದಕ್ಕಿಂತ ಮಕ್ಕಳಿಗೆ ಬೇಗ ತಲುಪುತ್ತದೆ.

"ನಿರ್ಣಾಯಕ ಕದನ" ಅನ್ನುವುದನ್ನೂ ತೆಗೆದುಹಾಕಿದೆ. ಆಂಟಿಟಮ್‌ನಲ್ಲಿ ಏನೂ ನಿರ್ಣಯವಾಗಲಿಲ್ಲ. ಸಂಜೆ ಹೊತ್ತಿಗೆ ಇಬ್ಬರೂ ಸುಸ್ತಾಗಿ ನಿಂತಿದ್ದರು, ಒಂದು ದಿನ ಬಿಟ್ಟು ಲೀ ಹಿಂದಕ್ಕೆ ಸರಿದ. ಲಿಂಕನ್‌ಗೆ ಅಷ್ಟೇ ಸಾಕಾಯಿತು. ಐದು ದಿನದಲ್ಲಿ ಗುಲಾಮರ ಬಿಡುಗಡೆಯ ಮೊದಲ ಘೋಷಣೆ ಹೊರಡಿಸಿದ. ದಕ್ಷಿಣದ ಬೆನ್ನಿಗೆ ನಿಲ್ಲುವ ಯೋಚನೆಯಲ್ಲಿದ್ದ ಬ್ರಿಟನ್, ಫ್ರಾನ್ಸ್ ಹಿಂಜರಿದವು. "ಯುದ್ಧದ ದಿಕ್ಕು ತಿರುಗಿಸಿದ ಕದನ" ಅಂದರೆ ಇದೂ ಒಳಗೆ ಬರುತ್ತದೆ.

ಕೊನೆಯದಾಗಿ, ನನಗೆ ಬಗೆಹರಿಯದೆ ಉಳಿದ ಪದ ಪೆರೋಲ್. ವಿಕ್ಸ್‌ಬರ್ಗ್ ಬಿದ್ದಾಗ 29,000ಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಅಷ್ಟು ಜನಕ್ಕೆ ಊಟ ಹಾಕಿ ಉತ್ತರಕ್ಕೆ ಸಾಗಿಸುವುದು ಯಾರ ಕೈಲಾಗುತ್ತದೆ? ಕೈದಿಗಳ ಅದಲುಬದಲು ಆಗುವವರೆಗೆ ಮತ್ತೆ ಬಂದೂಕು ಹಿಡಿಯುವುದಿಲ್ಲ ಅಂತ ಒಬ್ಬೊಬ್ಬರಿಂದಲೂ ಕಾಗದಕ್ಕೆ ಸಹಿ ಹಾಕಿಸಿ ಗ್ರಾಂಟ್ ಬಿಟ್ಟುಬಿಟ್ಟ. ಇದೇ ಪೆರೋಲ್. ನಮ್ಮ ಓದುಗರಿಗೆ ಪೆರೋಲ್ ಅಂದರೆ ಜೈಲಿನಿಂದ ಮಗಳ ಮದುವೆಗೆ ಬಂದು ಹೋಗುವ ರಜೆ. ಪುಣ್ಯಕೋಟಿ ಹುಲಿಗೆ ಕೊಟ್ಟ ಹಾಗೆ "ಭಾಷೆ ಕೊಟ್ಟು ಹೋದರು" ಅಂತ ಬರೆದೆ. ಓದಲು ಚೆನ್ನಾಗಿದೆ. ಆದರೆ ಪುಣ್ಯಕೋಟಿ ಮಾತು ಉಳಿಸಿಕೊಂಡಿತು. ಇವರಲ್ಲಿ ಕೆಲವರು ಅದೇ ವರ್ಷ ನವೆಂಬರ್‌ನಲ್ಲಿ ಟೆನೆಸಿಯ ಚಟನೂಗದಲ್ಲಿ ಮತ್ತೆ ಕದನಕ್ಕೆ ನಿಂತಿದ್ದರು.

"ಮುಚ್ಚಳಿಕೆ ಬರೆದುಕೊಟ್ಟರು" ಅನ್ನಬಹುದೇ? ಕಚೇರಿ ವಾಸನೆ ಜಾಸ್ತಿ ಆಯಿತೇ? ನಿಮ್ಮ ಕಡೆಯ ಲಾವಣಿ, ಕೈಫಿಯತ್ತುಗಳಲ್ಲಿ ಹೀಗೆ ಮಾತು ಪಡೆದು ಸೆರೆಯಾಳನ್ನು ಬಿಡುವುದಕ್ಕೆ ಯಾವುದಾದರೂ ಹಳೇ ಪದ ಕಂಡಿದ್ದರೆ ತಿಳಿಸಿ. ಮುಂದಿನ ವಾರ ಲೇಖನ ಕಳಿಸಬೇಕು. ಆ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ.