ಬಿಕೋಲ್ ಎಕ್ಸ್‌ಪ್ರೆಸ್: ಮೂರು ಸಲವೂ ಕಾಯಿಹಾಲು ಒಡೆಯಿತು, ಉಪ್ಪೂ ಜಾಸ್ತಿ. ಎಲ್ಲಿ ತಪ್ಪುತ್ತಿದೆ?

ಬೆಣ್ಣೆದೋಸೆ_ಮಕಾಟಿ:
ಎಲ್ಲರಿಗೂ ನಮಸ್ಕಾರ. ನಾನು ಮನಿಲಾದ ಮಕಾಟಿಯಲ್ಲಿದ್ದೇನೆ. ರೂಮ್‌ಮೇಟ್ ಬಿಕೋಲ್ ಸೀಮೆಯ ಅಲ್ಬಾಯ್ ಪ್ರಾಂತ್ಯದವನು. ಬರುವ ಶನಿವಾರ ಅವನ ಹುಟ್ಟುಹಬ್ಬ. ಅವನ ಊರಿನ ಬಿಕೋಲ್ ಎಕ್ಸ್‌ಪ್ರೆಸ್, ಅಂದರೆ ಹಂದಿಮಾಂಸವನ್ನು ಹಸಿಮೆಣಸಿನಕಾಯಿ ಜೊತೆ ಕಾಯಿಹಾಲಿನಲ್ಲಿ ಬೇಯಿಸುವ ಅಡುಗೆಯನ್ನೇ ಮಾಡಿ ಬಡಿಸಬೇಕು ಅಂತ ಆಸೆ. ಅವನಿಗೆ ಗೊತ್ತಾಗದ ಹಾಗೆ ಮೂರು ಸಲ ಮಾಡಿ ನೋಡಿದೆ, ಮೂರೂ ಕೆಟ್ಟಿತು.

ಅರ್ಧ ಕೆಜಿ ಹಂದಿಮಾಂಸಕ್ಕೆ ಉಪ್ಪು ಸವರಿಟ್ಟು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಜೊತೆ ಹುರಿದೆ. ಮೂರು ದೊಡ್ಡ ಚಮಚ ಬಾಗೋಂಗ್, ಅಂದರೆ ಇಲ್ಲಿನ ಸಿಗಡಿಮರಿಯ ಉಪ್ಪಿನ ಪೇಸ್ಟ್, ಹಾಕಿದೆ. ಮಾರ್ಕೆಟ್ಟಿನಲ್ಲಿ ತುರಿಸಿಕೊಂಡು ಬಂದ ಎರಡು ಕಾಯಿಯ ಹಾಲು, ಹಸಿಮೆಣಸಿನಕಾಯಿ, ಹಸಿ ಅಲಸಂದೆಕಾಯಿ ಎಲ್ಲ ಒಟ್ಟಿಗೆ ಸುರಿದು, ಮುಚ್ಚಳ ಹಾಕಿ ಜೋರು ಉರಿ ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಮೇಲೆ ಬಿಳಿ ಗಂಟು, ಕೆಳಗೆ ತೆಳ್ಳಗೆ ನೀರು. ಮಾಂಸ ರಬ್ಬರಿನ ಹಾಗೆ, ಅಲಸಂದೆ ಹಿಟ್ಟು. ನಾನು ದಾವಣಗೆರೆಯವನು. ಒತ್ತು ಶಾವಿಗೆಗೆ ಹಾಕಿಕೊಳ್ಳುವ ಕಾಯಿಹಾಲು ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ದಯವಿಟ್ಟು ತಿಳಿಸಿ.

ಒಗ್ಗರಣೆ_ಡಬ್ಬಿ:
ಡಬ್ಬದ ಕಾಯಿಹಾಲು ತನ್ನಿ ಸರ್, ಅದು ಅಷ್ಟು ಬೇಗ ಒಡೆಯೋದಿಲ್ಲ.

ನಾಗಾ_ಕುಂದಾಪ್ರ:
ಡಬ್ಬದ್ದು ಒಡೆಯದಿರುವುದು ನಿಜ, ಎಷ್ಟೋ ಬ್ರಾಂಡುಗಳಲ್ಲಿ ಹಾಲು ಬೇರ್ಪಡದಂತೆ ಅಂಟು ಸೇರಿಸಿರುತ್ತಾರೆ. ಆದರೆ ಅದೇ ಕಾರಣಕ್ಕೆ ಕೊನೆಯಲ್ಲಿ ಎಣ್ಣೆಯನ್ನೂ ಸರಿಯಾಗಿ ಬಿಡೋದಿಲ್ಲ. ಈ ಅಡುಗೆಗೆ ಎಣ್ಣೆ ಬಿಡಲೇಬೇಕು.

ಬೆಣ್ಣೆದೋಸೆಯವರೇ, ಎರಡು ವಿಷಯ ಹೇಳಿ. ಹುಳಿ ಏನಾದರೂ ಹಾಕಿದ್ರಾ? ಬಾಗೋಂಗ್ ಯಾವುದು: ಗುಲಾಬಿ ಬಣ್ಣದ ಹಸಿಯದೋ, ಕಂದು ಬಣ್ಣದ ಹುರಿದದ್ದೋ?

ಬೆಣ್ಣೆದೋಸೆ_ಮಕಾಟಿ:
ಬಾಗೋಂಗ್ ಗುಲಾಬಿ ಬಣ್ಣದ್ದು. ಹುಳಿ... ಹೌದು, ಬರೆಯಲು ಮರೆತೆ. ಮೊದಲ ಸಲ ಉಪ್ಪಾಯಿತು ಅಂತ ಆಮೇಲಿನ ಎರಡು ಸಲ ಕುದಿಯುವಾಗಲೇ ನಾಲ್ಕೈದು ಕಲಮಾನ್ಸಿ, ಅಂದರೆ ಇಲ್ಲಿನ ಪುಟ್ಟ ಲಿಂಬೆ, ಹಿಂಡಿದೆ.

ನಾಗಾ_ಕುಂದಾಪ್ರ:
ಅಲ್ಲಿಗೆ ಸಿಕ್ಕಿತು ನೋಡಿ. ನಾನು ಬಿಕೋಲ್‌ನ ನಾಗಾ ನಗರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಪಕ್ಕದ ಮನೆಯ ಅಜ್ಜಿ ಕಲಿಸಿದ ಅಡುಗೆ ಇದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹಾಲು. ಕಾಯಿಹಾಲಿನಲ್ಲಿ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ, ಅವನ್ನು ಹಿಡಿದಿಡುವುದು ಕಾಯಿಯ ಪ್ರೋಟೀನು. ಜೋರು ಉರಿಯಲ್ಲಿ ಕೊತಕೊತ ಕುದಿಸಿದರೆ ಅದು ಗಂಟು ಕಟ್ಟುತ್ತದೆ. ಹುಳಿ ಬಿದ್ದರೆ ಇನ್ನೂ ಬೇಗ, ಲಿಂಬೆ ಹಿಂಡಿ ಹಾಲು ಒಡೆಸಿದ ಹಾಗೆಯೇ. ಅಂದರೆ ನಿಮ್ಮ ಮೊದಲ ಪಾತ್ರೆ ಕೆಟ್ಟದ್ದು ಉರಿಯಿಂದ, ಉಳಿದೆರಡಕ್ಕೆ ಹುಳಿಯೂ ಸೇರಿತು.

ಆದರೆ ಒಡೆಯುವುದು ಬೇರೆ, ಎಣ್ಣೆ ಬಿಡುವುದು ಬೇರೆ. ಇದನ್ನು ಗಟ್ಟಿಯಾಗಿ ನೆನಪಿಡಿ. ಒಡೆದರೆ ನೀರಿನ ಮೇಲೆ ಗಂಟು ತೇಲುತ್ತದೆ. ಎಣ್ಣೆ ಬಿಟ್ಟರೆ ನೀರೇ ಇರುವುದಿಲ್ಲ, ಗಟ್ಟಿ ಗಸಿಯ ಸುತ್ತ ತಿಳಿ ಎಣ್ಣೆ ಅಂಚು ಕಟ್ಟಿ ನಿಲ್ಲುತ್ತದೆ. ಅಜ್ಜಿ ಪಾತ್ರೆ ನೋಡುತ್ತಲೇ ಇರಲಿಲ್ಲ, ಸದ್ದಿನಲ್ಲೇ ಹೇಳುತ್ತಿದ್ದರು. ನೀರಿರುವವರೆಗೆ ಗುಳುಗುಳು, ಎಣ್ಣೆ ಬಿಟ್ಟ ಮೇಲೆ ಸಣ್ಣಗೆ ಚಿರಿಚಿರಿ.

ಹಾಲನ್ನು ಎರಡಾಗಿ ತೆಗೆಯಿರಿ. ತುರಿಗೆ ಒಂದು ಲೋಟ ಬೆಚ್ಚಗಿನ ನೀರು ಹಾಕಿ ಹಿಂಡಿದ ದಪ್ಪ ಹಾಲು ಒಂದು ಕಡೆ, ಇಲ್ಲಿ ಅದಕ್ಕೆ ಕಾಕಾಂಗ್ ಗಾತಾ ಅನ್ನುತ್ತಾರೆ. ಅದೇ ತುರಿಗೆ ಇನ್ನೆರಡು ಲೋಟ ನೀರು ಹಾಕಿ ಹಿಂಡಿದ ತೆಳು ಹಾಲು ಇನ್ನೊಂದು ಕಡೆ. ಹಂದಿಯ ಹೊಟ್ಟೆಭಾಗವನ್ನೇ ಕೇಳಿ, ಅಂಗಡಿಯಲ್ಲಿ ಲಿಯೆಂಪೊ ಅಂದರೆ ಕೊಡುತ್ತಾರೆ. ಕೊಬ್ಬಿಲ್ಲದ ತುಂಡು ಬೇಡ. ಹೆಬ್ಬೆರಳ ಉಗುರಗಲ ಹೆಚ್ಚಿ, ಹುರಿದು, ತೆಳು ಹಾಲಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಚಾಕು ತಡೆಯಿಲ್ಲದೆ ಇಳಿದ ಮೇಲೆಯೇ ದಪ್ಪ ಹಾಲು. ಆಮೇಲೆ ಮುಚ್ಚಳ ಬೇಡ, ಆಗಾಗ ತಿರುವುತ್ತಿರಿ.

ಉಪ್ಪು: ಮಾಂಸಕ್ಕೆ ಸವರಲೇಬೇಡಿ. ಗುಲಾಬಿ ಬಾಗೋಂಗ್‌ನಲ್ಲೇ ಬಹಳ ಉಪ್ಪಿರುತ್ತದೆ, ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ಸಾಕು. ಬೆಳ್ಳುಳ್ಳಿಯ ಜೊತೆ ಮೊದಲೇ ಹುರಿದರೆ ಹಸಿ ನಾತ ಹೋಗುತ್ತದೆ. ಹಾಲು ಬತ್ತುತ್ತಾ ಉಪ್ಪು ಏರುತ್ತದೆ, ಆದ್ದರಿಂದ ರುಚಿ ನೋಡುವುದು ಕೊನೆಗೆ. ಆಗಲೂ ಹೆಚ್ಚೆನಿಸಿದರೆ ಸ್ವಲ್ಪ ತೆಳು ಹಾಲು ಸೇರಿಸಿ, ಹುಳಿ ಬೇಡವೇ ಬೇಡ.

ಅಲಸಂದೆ ಕೊನೆಯ ಐದು ನಿಮಿಷಕ್ಕೆ. ನಿಜ ಹೇಳಬೇಕೆಂದರೆ ಇದರ ತರಕಾರಿ ಮೆಣಸಿನಕಾಯಿಯೇ. ಬಿಕೋಲ್‌ನಲ್ಲಿ ಇದರ ಮೂಲದ ಅಡುಗೆಗೆ ಗುಲಾಯ್ ನಾ ಲಾಡಾ ಅನ್ನುತ್ತಾರೆ, ಲಾಡಾ ಅಂದರೆ ಮೆಣಸಿನಕಾಯಿ. ಎಕ್ಸ್‌ಪ್ರೆಸ್ ಅನ್ನುವ ಹೆಸರು ಮನಿಲಾದ್ದು. ಮಲಾಟೆಯಲ್ಲಿ ಹೋಟೆಲು ನಡೆಸುತ್ತಿದ್ದ ಸೆಲಿ ಕಲಾವ್ ಅವರು ಬಿಕೋಲ್‌ಗೆ ಹೋಗುತ್ತಿದ್ದ ರೈಲಿನ ಹೆಸರನ್ನೇ ಇದಕ್ಕೆ ಇಟ್ಟರಂತೆ. ಉದ್ದನೆಯ ಹಸಿಮೆಣಸು, ಇಲ್ಲಿನವರ ಸಿಲಿಂಗ್ ಹಾಬಾ, ಹತ್ತು ಹನ್ನೆರಡು ಹಾಕಿ. ಓರೆಯಾಗಿ ಹೆಚ್ಚಿ, ಅರ್ಧ ಗಂಟೆ ಉಪ್ಪುನೀರಲ್ಲಿ ನೆನೆಸಿ ತೊಳೆದರೆ ಖಾರ ತಗ್ಗುತ್ತದೆ.

ಬೆಣ್ಣೆದೋಸೆ_ಮಕಾಟಿ:
ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಆಯ್ತು ಸರ್! ಹಾಲು ಒಡೆಯಲಿಲ್ಲ. ಸುಮಾರು ಒಂದೂಕಾಲು ಗಂಟೆ ಪಾತ್ರೆ ಪಕ್ಕವೇ ನಿಂತಿದ್ದೆ. ನೀವು ಹೇಳಿದ ಚಿರಿಚಿರಿ ಸದ್ದು ಕೇಳಿದಾಗ ಮೈ ಜುಮ್ಮೆಂದಿತು. ಮಾಂಸ ಬಾಯಲ್ಲಿಟ್ಟರೆ ಕರಗುವಂತಿತ್ತು. ಗೆಳೆಯ ಮೊದಲ ತುತ್ತಿಗೆ ಮಾಂಸ ಮುಟ್ಟಲೇ ಇಲ್ಲ, ಎಣ್ಣೆ ಬಿಟ್ಟ ಗಸಿಯನ್ನಷ್ಟೇ ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದ. ಆಮೇಲೆ ಅವರಮ್ಮನಿಗೆ ಫೋನು ಮಾಡಿ ಪಾತ್ರೆ ತೋರಿಸಿದ. ಗೆಳೆಯನ ದೂರು ಒಂದೇ: ಖಾರ ಸಾಲದು!

ನಾಗಾ_ಕುಂದಾಪ್ರ:
ಬಹಳ ಖುಷಿಯಾಯಿತು. ಅಲ್ಬಾಯ್‌ನವರಿಗೆ ಮೆಣಸು ನೆನೆಸಿ ತೊಳೆಯುವುದು ಬೇಡವಾಗಿತ್ತೇನೋ, ಅದು ನನ್ನ ತಪ್ಪು. ಮುಂದಿನ ಸಲ ಲಬುಯೋ ನಾಲ್ಕು ಸೇರಿಸಿ, ನಮ್ಮ ಸೂಜಿಮೆಣಸಿನಷ್ಟೇ ಸಣ್ಣದು. ಇಡಿಯಾಗಿ ಹಾಕಿದರೆ ಘಮ ಹೆಚ್ಚು, ಸೀಳಿ ಹಾಕಿದರೆ ಖಾರ ಹೆಚ್ಚು. ಅವನಿಗಾದರೆ ಸೀಳಿಯೇ ಹಾಕಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಎರಡು ಚಮಚ ನೀರು ಚಿಮುಕಿಸಿ ಸಣ್ಣ ಉರಿಯಲ್ಲೇ ಬಿಸಿ ಮಾಡಿ.