ಹಳೇ ಕಂಪ್ರೆಸರ್ ತಂದೆ, ಮೋಟ್ರು 415 ವೋಲ್ಟ್ ಅಂತೆ, ಮನೆ ಕರೆಂಟಲ್ಲಿ ಓಡುತ್ತಾ?

ಮರಗೆಲಸ_ಹಾಸನ:
ಗುರುಗಳೇ ಸ್ವಲ್ಪ ಸಹಾಯ ಮಾಡಿ. ಮುಚ್ಚೋಗಿದ್ದ ಪಂಕ್ಚರ್ ಅಂಗಡಿಯಿಂದ 2 ಎಚ್‌ಪಿ ಬೆಲ್ಟ್ ಕಂಪ್ರೆಸರ್ ತಂದೆ, ಬಾಗಿಲಿಗೆ ಪಾಲಿಶ್ ಸ್ಪ್ರೇ ಮಾಡೋಕೆ. ವೈರು 3 ಇತ್ತು, ಫೇಸು ನ್ಯೂಟ್ರಲ್ಲು ಅರ್ಥಿಂಗು ಅಂದ್ಕೊಂಡು ಪ್ಲಗ್ ಹಾಕೋಕೆ ಹೊರಟಿದ್ದೆ, ಪಕ್ಕದ್ಮನೆಯವ್ರು ನೋಡಿ ತಡೆದ್ರು. ಪ್ಲೇಟಲ್ಲಿ 415 ವೋಲ್ಟ್, 3 ಫೇಸ್, 1.5 ಕಿಲೋವ್ಯಾಟ್, 3.4 ಆಂಪ್ಸ್ ಅಂತಿದೆ. ನಮ್ದು ಸಿಂಗಲ್ ಫೇಸ್. ಎಲೆಕ್ಟ್ರಿಷಿಯನ್ ಒಂದು ಕಂಡೆನ್ಸರ್ (ಕೆಪ್ಯಾಸಿಟರ್) ಹಾಕಿದ್ರೆ ಓಡುತ್ತೆ ಅಂತಾರೆ, ಹೌದಾ?

ವೈಂಡಿಂಗ್_ಅಂಗಡಿ:
ಪಕ್ಕದ್ಮನೆಯವ್ರಿಗೆ ಮೊದ್ಲು ಕಾಫಿ ಕೊಡ್ಸಿ ಸಾರ್. ಆ ಮೂರೂ ಫೇಸೇ, ಅರ್ಥಿಂಗ್ ಮೋಟ್ರು ಬಾಡಿ ಬೋಲ್ಟಿಂದ ಬೇರೆ ಎಳೀಬೇಕು. ಒಂದನ್ನ ಅರ್ಥ್ ಪಿನ್ನಿಗೆ ಕೊಟ್ಟಿದ್ರೆ ವೈಂಡಿಂಗ್ ದಾಟಿ ಕರೆಂಟ್ ಅರ್ಥ್ ವೈರಿಗೆ ಬರ್ತಿತ್ತು, ಅರ್ಥಿಂಗ್ ವೀಕಿದ್ರೆ ಫ್ರಿಜ್ಜು ಗೀಸರ್ ಮುಟ್ಟಿದ್ರೂ ಶಾಕು.

ಕಂಡೆನ್ಸರ್ ಸಹವಾಸ ಬೇಡ. 415ರ ಮೋಟ್ರಿಗೆ 230 ಕೊಟ್ರೆ ಎಳೆಯೋ ಶಕ್ತಿ ಮೂರನೇ ಒಂದು ಭಾಗಾನೂ ಉಳಿಯಲ್ಲ, ಗ್ರೈಂಡರ್ ಆಗಿದ್ರೆ ಹೇಗೋ ತಿರುಗೋದು, ಇದು ಗಾಳಿ ಒತ್ಕೊಂಡು ಏಳ್ಬೇಕಲ್ಲ, ಗುಂಯ್ ಅಂತ ನಿಂತು ಸುಟ್ಟೋಗುತ್ತೆ. ಹೀಗೆ ಸುಟ್ಟಿದ್ದು ನಮ್ಮ ಟೇಬಲ್ಲಿಗೆ ಬರ್ತಾನೇ ಇರುತ್ತೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟ್ರು ಹಾಕ್ಸಿ, ಸ್ಟಾರ್ಟಿಗೊಂದು ರನ್ನಿಗೊಂದು ಕೆಪ್ಯಾಸಿಟರ್ ಇರೋದು. ಆರ್‌ಪಿಎಂ 1440 ಆಸುಪಾಸೇ ಇರ್ಲಿ, 2880ರದ್ದು ತಂದು ಇದೇ ಪುಲ್ಲಿ ಹಾಕಿದ್ರೆ ಹೆಡ್ (ಗಾಳಿ ಒತ್ತೋ ಪಂಪ್) ಡಬಲ್ ಸ್ಪೀಡಲ್ಲಿ ಓಡಿ ಹಾಳಾಗುತ್ತೆ.

ಡ್ರೈವ್_ಮೇಷ್ಟ್ರು:
ಮೋಟ್ರು ಮಾರೋ ಮೊದ್ಲು ಟರ್ಮಿನಲ್ ಬಾಕ್ಸ್ ಬಿಚ್ಚಿ ನೋಡಿ. ಒಳಗೆ ವೈಂಡಿಂಗಿನ 6 ತುದಿ ಇದ್ದು ಸ್ಟಾರ್ ಪಟ್ಟಿ (ಮೂರು ತುದಿನ ಒಂದೇ ಕಡೆ ಸೇರ್ಸೋದು) ಹಾಕಿದ್ರೆ ಅದನ್ನ ಡೆಲ್ಟಾ (ಮೂರು ವೈಂಡಿಂಗನ್ನ ಉಂಗುರದ ಥರ ಸೇರ್ಸೋದು) ಮಾಡ್ಬೋದು, 415ನ್ನ 1.732ರಿಂದ ಭಾಗಿಸಿ, 240 ಬರುತ್ತೆ, ಅಂದ್ರೆ ಮನೆ ವೋಲ್ಟೇಜಿಗೆ ಹತ್ತಿರ. ಆಮೇಲೆ ಸಿಂಗಲ್ ಫೇಸ್ ತಗೊಂಡು 3 ಫೇಸ್ 230 ಕೊಡೋ ವಿಎಫ್‌ಡಿ (ಮೋಟ್ರು ಓಡಿಸೋ ಎಲೆಕ್ಟ್ರಾನಿಕ್ ಡ್ರೈವ್) ಸಾಕು, ಡೆಲ್ಟಾದಲ್ಲಿ ಆಂಪ್ಸ್ 1.732 ಪಟ್ಟಾಗುತ್ತೆ, ಅದಕ್ಕೆ ಮೋಟ್ರು ಆಂಪ್ಸ್ 5.9ಕ್ಕೆ ಸೆಟ್ ಮಾಡಿ. ಟ್ಯಾಂಕ್ ತುಂಬಿದಾಗ ಮೋಟ್ರು ನಿಲ್ಸೋ ಪ್ರೆಶರ್ ಸ್ವಿಚ್ಚನ್ನ ಮಾತ್ರ ಡ್ರೈವ್‌ಗೂ ಮೋಟ್ರಿಗೂ ಮಧ್ಯೆ ಹಾಕ್ಬೇಡಿ, ಡ್ರೈವಿನ ರನ್ ಟರ್ಮಿನಲ್ಲಿಗೆ ಕೊಡಿ.

ಮರಗೆಲಸ_ಹಾಸನ:
ಬಿಚ್ದೆ ಸಾರ್, 3 ತುದಿ ಅಷ್ಟೇ ಹೊರಗಿದೆ, ಡೆಲ್ಟಾ ಮಾಡೋಕಾಗಲ್ಲ. ಸಿಂಗಲ್ ಫೇಸ್ ಮೋಟ್ರೇ ಹಾಕ್ಸ್ತೀನಿ. ಟಿವಿ ಪಕ್ಕದ ಸಾಕೆಟ್ಟಿಗೆ ಕೊಡ್ಬೋದಾ?

ವೈಂಡಿಂಗ್_ಅಂಗಡಿ:
ಅಯ್ಯೋ ಬೇಡ! ಓಡುವಾಗ್ಲೇ 10-11 ಆಂಪ್ಸ್ ಎಳೆಯುತ್ತೆ, ಸ್ಟಾರ್ಟಲ್ಲಿ ಅದರ ನಾಕೈದು ಪಟ್ಟು. ಡಿಬಿಯಿಂದ (ಮನೆ ಮೇನ್ ಸ್ವಿಚ್ ಬಾಕ್ಸಿಂದ) ಬೇರೆ ಲೈನ್, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪ್ಸ್ ಸಿ ಟೈಪ್ ಎಂಸಿಬಿ, 16 ಆಂಪ್ಸ್ ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ್ವೇ ಬೇಡ. ಬಿಲ್ಲಲ್ಲಿ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಲೋಡ್) 1 ಕಿಲೋವ್ಯಾಟ್ ಇದ್ರೆ ಜಾಸ್ತಿ ಮಾಡ್ಸಿ. ಪ್ರೆಶರ್ ಸ್ವಿಚ್ ಕಟ್ ಆದಾಗ ಪುಸ್ ಅಂತ ಗಾಳಿ ಬಿಡ್ಬೇಕು, ಬಿಡ್ಲಿಲ್ಲ ಅಂದ್ರೆ ಹೊಸ ಮೋಟ್ರೂ ಎರಡನೇ ಸಲ ಏಳಲ್ಲ, ಎಂಸಿಬಿ ಬೀಳುತ್ತೆ, ಆಗ ನನ್ನ ಬೈಬೇಡಿ, ಆ ಗಾಳಿ ಬಿಡೋ ವಾಲ್ವ್, ಅನ್‌ಲೋಡರ್, ಕ್ಲೀನ್ ಮಾಡ್ಸಿ.